ಲಂಡನ್ನಿನವರು ಓದಿದ ಶ್ರೀರಂಗಪಟ್ಟಣ

1791ರ ಡಿಸೆಂಬರ್ 6ರಂದು ಲಂಡನ್ನಿನ ಹನ್ನಾ ಹಂಫ್ರಿ ಎಂಬಾಕೆಯ ಚಿತ್ರದಂಗಡಿಯಿಂದ ಹೊಸ ವ್ಯಂಗ್ಯಚಿತ್ರವೊಂದು ಹೊರಬಂತು. ಬರೆದವನು ಆ ಕಾಲದ ಹೆಸರಾಂತ ಚಿತ್ರಗಾರ ಜೇಮ್ಸ್ ಗಿಲ್ರೇ. ಚಿತ್ರಕ್ಕೆ ಅವನಿಟ್ಟ ಹೆಸರು ‘ಮುಂಗಾರಿನ ಆಗಮನ, ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು’. ಕೋಟೆಯ ಮೇಲೆ ಟಿಪ್ಪು ಸುಲ್ತಾನ್ ನಿಂತಿದ್ದಾನೆ. ಕೆಳಗೆ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಕತ್ತೆಯ ಮೇಲೆ ಕೂತು ಕಾಲಿಗೆ ಬುದ್ಧಿ ಹೇಳುತ್ತಿದ್ದಾನೆ. ಮೇಲಿನಿಂದ ಟಿಪ್ಪು ಅವನ ತಲೆಯ ಮೇಲೆ ಸುರಿಸುತ್ತಿರುವ ‘ಮಳೆ’ ಎಂಥದೆಂದು ಈ ಪುಟದಲ್ಲಿ ಬರೆಯುವಂತಿಲ್ಲ, ಮಕ್ಕಳೂ ಓದುತ್ತಾರೆ. ಇಂಥ ಚಿತ್ರಗಳನ್ನು ಅಂಗಡಿಯ ಕಿಟಕಿಗೆ ಅಂಟಿಸುತ್ತಿದ್ದರು. ಕೊಳ್ಳಲು ಕಾಸಿಲ್ಲದವರೂ ರಸ್ತೆಯಲ್ಲೇ ನಿಂತು, ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿ ನೋಡಿ, ನಕ್ಕು ಮುಂದೆ ಹೋಗುತ್ತಿದ್ದರು.

ನಾನು ಇತಿಹಾಸದ ಮೇಷ್ಟ್ರಲ್ಲ. ಬೆಳಕು, ಶಾಖ, ಆಮ್ಲ, ಪ್ರತ್ಯಾಮ್ಲ ಇವುಗಳ ಜೊತೆಯಲ್ಲೇ ಹತ್ತಿರ ಹತ್ತಿರ ಮೂವತ್ತು ವರ್ಷ ಕಳೆದವನು. ಆದರೂ ಈ ಚಿತ್ರ ನನ್ನನ್ನು ಬಿಡದೆ ಹಿಡಿದುಕೊಂಡಿದೆ. ಮೈಸೂರಿನ ಯುದ್ಧಗಳನ್ನು ನಾವೆಲ್ಲ ನಮ್ಮ ಮನೆಯ ಸಂಗತಿಯೆಂಬಂತೆ ಪಾಠಪುಸ್ತಕದಲ್ಲಿ ಓದಿದವರು. ಅದೇ ಯುದ್ಧಗಳು ಆಗ ಬೇರೆ ಯಾರಿಗೋ ದೂರದ ಯುದ್ಧ. ಕಾಫಿ ಕುಡಿಯುತ್ತಾ ಓದಿ, ಮಡಿಸಿ, ಪಕ್ಕದವರಿಗೆ ದಾಟಿಸುವ ಸುದ್ದಿ. ಇಂದು ನಾವು ಯಾವುದೋ ದೇಶದ ಯಾವುದೋ ಊರಿಗೆ ಬಾಂಬು ಬಿದ್ದ ಸುದ್ದಿ ಓದಿ ಉಪ್ಪಿಟ್ಟಿನ ತಟ್ಟೆ ಎಳೆದುಕೊಳ್ಳುವಂತೆ, ಅಂದು ಅವರು ನಮ್ಮ ಊರುಗಳ ಹೆಸರನ್ನು ತಪ್ಪುತಪ್ಪಾಗಿ ಉಚ್ಚರಿಸುತ್ತಾ ಓದಿದರು. ಅವರ ಕಣ್ಣಿಗೆ ಏನು ಬಿತ್ತು, ಏನು ಬೀಳಲಿಲ್ಲ ಎಂದು ನೋಡುವ ಆಸೆ ನನ್ನದು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳಕ್ಕೆ ಈ ಲೇಖನದಲ್ಲಿ ಜಾಗವಿಲ್ಲ. ಅದಕ್ಕೆ ಬೇರೆ ಕಡೆ ಬೇಕಾದಷ್ಟು ಜಾಗವಿದೆ.

ಗಿಲ್ರೇ ಬರೆದ ಹಿಮ್ಮೆಟ್ಟುವಿಕೆ ನಿಜವಾಗಿ ನಡೆದದ್ದು ಆ ವರ್ಷದ ಮೇ ತಿಂಗಳಲ್ಲಿ. ಬೆಂಗಳೂರನ್ನು ಹಿಡಿದ ಮೇಲೆ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ನಡೆದ. ಮೇ 15ರಂದು ಅರಕೆರೆಯ ಬಳಿ ಕಾಳಗವಾಯಿತು, ಅದರಲ್ಲಿ ಅವನೇ ಗೆದ್ದ. ಆದರೆ ಗೆದ್ದು ಮಾಡುವುದೇನು? ಮಳೆ ಹಿಡಿಯಿತು. ದನಗಳಿಗೆ ರೋಗ ಬಂತು. ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ದಂಡಿನಲ್ಲಿ ಅಕ್ಕಿಯಿಲ್ಲ. ಕೊನೆಗೆ ಈಗಿನ ಕೃಷ್ಣರಾಜಸಾಗರದ ಹತ್ತಿರದ ಕನ್ನಂಬಾಡಿಯಲ್ಲಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಬೆಂಗಳೂರಿಗೆ ಮರಳಿದ. ಇದೇ ಕಾರ್ನ್‌ವಾಲಿಸ್ ಹತ್ತು ವರ್ಷದ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿದ್ದವನು. ಲಂಡನ್ನಿನ ಓದುಗ ಅದನ್ನು ಮರೆತಿರಲಿಲ್ಲ. ಕತ್ತೆಯ ಮೇಲೆ ಕೂತ ಸೇನಾಪತಿಯನ್ನು ನೋಡಿ ಅವನು ಅಷ್ಟು ನಕ್ಕದ್ದಕ್ಕೆ ಈ ಹಳೆಯ ಸಿಟ್ಟೂ ಒಂದು ಕಾರಣವಿರಬೇಕು.

ಮೇ ತಿಂಗಳ ಸಂಗತಿಗೆ ಡಿಸೆಂಬರಿನಲ್ಲಿ ನಗು. ಇಲ್ಲಿ ನನ್ನ ಮೇಷ್ಟ್ರ ಬುದ್ಧಿ ಸುಮ್ಮನಿರುವುದಿಲ್ಲ, ಸೀಮೆಸುಣ್ಣ ಹಿಡಿಯುತ್ತದೆ. ಮದರಾಸಿನಿಂದ ಆಫ್ರಿಕದ ತುದಿಯನ್ನು ಸುತ್ತಿಕೊಂಡು ಲಂಡನ್ನಿಗೆ ಸಮುದ್ರದ ದಾರಿ ಸುಮಾರು 21 ಸಾವಿರ ಕಿಲೋಮೀಟರ್. ಹಾಯಿಹಡಗಿಗೆ ಐದು ತಿಂಗಳು, ಕೆಲವೊಮ್ಮೆ ಆರು. ಐದೇ ಎಂದಿಟ್ಟುಕೊಳ್ಳೋಣ. 150 ದಿನ, ಅಂದರೆ 3,600 ಗಂಟೆ. ಭಾಗಿಸಿ ನೋಡಿ, ಗಂಟೆಗೆ ಆರು ಕಿಲೋಮೀಟರಿಗೂ ಒಂದಿಷ್ಟು ಕಡಿಮೆ. ಬೆಳಿಗ್ಗೆ ವಾಕಿಂಗ್ ಹೋಗುವ ನಮ್ಮ ನಿವೃತ್ತ ಹೆಡ್‌ಮಾಸ್ತರು ಇದೇ ವೇಗದಲ್ಲಿ ನಡೆಯುತ್ತಾರೆ! ಎಷ್ಟೇ ದೊಡ್ಡ ಸಾಮ್ರಾಜ್ಯವಾಗಲಿ, ಎಷ್ಟೇ ಘೋರ ಯುದ್ಧವಾಗಲಿ, ಅದರ ಸುದ್ದಿ ಮನುಷ್ಯ ನಡೆಯುವ ವೇಗದಲ್ಲಿ ಹೋಗುತ್ತಿತ್ತು. ಇನ್ನೊಂದು ದಾರಿಯೂ ಇತ್ತು. ಮುಂಬಯಿಯಿಂದ ಹಡಗಿನಲ್ಲಿ ಬಸ್ರಾ, ಅಲ್ಲಿಂದ ಮರುಭೂಮಿಯಲ್ಲಿ ಒಂಟೆಯ ಮೇಲೆ ಅಲೆಪ್ಪೊ, ಮುಂದೆ ಕಾನ್‌ಸ್ಟಾಂಟಿನೋಪಲ್, ವಿಯೆನ್ನಾ. ಬೇಗ ಮುಟ್ಟಬೇಕಾದ ಕಾಗದಗಳಿಗೆ ಈ ದಾರಿ. ಒಂದೇ ಪತ್ರದ ನಕಲುಗಳನ್ನು ಬೇರೆ ಬೇರೆ ದಾರಿಯಲ್ಲಿ ಕಳಿಸುವುದು ವಾಡಿಕೆಯಾಗಿತ್ತು. ಒಂದು ಮುಳುಗಿದರೆ ಇನ್ನೊಂದಾದರೂ ತಲುಪಲಿ ಎಂದು.

ನಕ್ಷತ್ರದ ಬೆಳಕಿನ ಪಾಠ ಮಾಡುವಾಗ ಮಕ್ಕಳಿಗೆ ಹೇಳುತ್ತೇನೆ: ನೀವು ನೋಡುತ್ತಿರುವುದು ಈಗಿನ ನಕ್ಷತ್ರವನ್ನಲ್ಲ, ಅದು ಎಂದೋ ಇದ್ದ ರೀತಿಯನ್ನು. ನಮಗೆ ಅತ್ಯಂತ ಹತ್ತಿರದ ನಕ್ಷತ್ರದ ಬೆಳಕಿಗೂ, ನಮ್ಮ ಸೂರ್ಯನನ್ನು ಬಿಟ್ಟರೆ, ನಾಲ್ಕು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಲಂಡನ್ನಿನ ಬೀದಿಯಲ್ಲಿ ನಿಂತು ನಕ್ಕವರ ಸ್ಥಿತಿಯೂ ಇದೇ. ಅವರು ಓಡಿಹೋದವನೆಂದು ನಗುತ್ತಿದ್ದ ಹೊತ್ತಿಗೆ ಕಾರ್ನ್‌ವಾಲಿಸನ ಸೈನ್ಯ ನಂದಿಬೆಟ್ಟದ ಕೋಟೆಯನ್ನು ಹಿಡಿದು ಒಂದೂವರೆ ತಿಂಗಳಾಗಿತ್ತು. ಸಾವನದುರ್ಗ ಬೀಳಲು ಹದಿನೈದೇ ದಿನ ಉಳಿದಿತ್ತು. ಮರುವರ್ಷದ ಫೆಬ್ರವರಿಯಲ್ಲಿ ಟಿಪ್ಪು ತನ್ನ ಇಬ್ಬರು ಪುಟ್ಟ ಮಕ್ಕಳನ್ನು ಒತ್ತೆಯಾಗಿ ಕಾರ್ನ್‌ವಾಲಿಸನಿಗೆ ಒಪ್ಪಿಸಬೇಕಾಯಿತು. ಆ ಸುದ್ದಿ ಮುಟ್ಟಿದಾಗ ಅದೇ ಲಂಡನ್ನಿನ ಕಲಾವಿದರು ಕತ್ತೆಯನ್ನು ಬಿಟ್ಟು, ಮಕ್ಕಳ ಕೈಹಿಡಿದ ದಯಾಳುವಾದ ಕಾರ್ನ್‌ವಾಲಿಸನನ್ನು ಚಿತ್ರದ ಮೇಲೆ ಚಿತ್ರವಾಗಿ ಬರೆದರು. ಅವೂ ಖರ್ಚಾದವು.

ಈ ತಡದ ಕಾರಣದಿಂದ ಬರೀ ನಗುವಲ್ಲ, ಜೀವಗಳೂ ಹೋಗಿವೆ. 1783ರ ಜನವರಿ 20ರಂದು ವರ್ಸೇಲ್ಸ್‌ನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಸಂಧಿಯ ಮೊದಲ ಒಪ್ಪಂದವಾಯಿತು. ಸರಿಯಾಗಿ ಐದು ತಿಂಗಳ ನಂತರ, ಜೂನ್ 20ರಂದು, ಕಡಲೂರಿನ ಸಮುದ್ರದಲ್ಲಿ ಇಬ್ಬರ ನೌಕಾಪಡೆಗಳೂ ಪರಸ್ಪರ ಗುಂಡು ಹಾರಿಸಿ ನೂರಾರು ಜನರನ್ನು ಕಳೆದುಕೊಂಡವು. ಶಾಂತಿಯ ಸುದ್ದಿ ಬಂದದ್ದು ಜೂನ್ ಕೊನೆಗೆ. ಆಗ ಮಂಗಳೂರಿನ ಕೋಟೆಯನ್ನು ಟಿಪ್ಪು ಮುತ್ತಿದ್ದ, ಅವನ ಜೊತೆ ಫ್ರೆಂಚರೂ ಇದ್ದರು. ಸುದ್ದಿ ಮುಟ್ಟಿದ್ದೇ ತಡ ಫ್ರೆಂಚರು ‘ನಮಗೂ ಇಂಗ್ಲಿಷರಿಗೂ ಈಗ ಜಗಳವಿಲ್ಲ’ ಎಂದು ಹಿಂದೆ ಸರಿದರು. ಟಿಪ್ಪು ಕೆಂಡಾಮಂಡಲವಾದ. ಎಲ್ಲೋ ವರ್ಸೇಲ್ಸ್‌ನಲ್ಲಿ ಹಾಕಿದ ರುಜು ಅರ್ಧ ವರ್ಷದ ಮೇಲೆ ಬಂದು ನೇತ್ರಾವತಿಯ ದಡದ ಊರಿನ ಲೆಕ್ಕವನ್ನೇ ಬದಲಿಸಿತು.

ಇನ್ನು ಓದುವವರ ವಿಷಯ. ಆಗಿನ ಪತ್ರಿಕೆಯೆಂದರೆ ನಾಲ್ಕೇ ಪುಟ. ಮೊದಲ ಪುಟದ ತುಂಬ ಜಾಹೀರಾತು: ಹಡಗು ಹೊರಡುವ ದಿನ, ಮನೆ ಬಾಡಿಗೆಗಿದೆ, ಹಲ್ಲುಪುಡಿ ಇತ್ಯಾದಿ. ಮರದ ಕೈಪ್ರೆಸ್ಸಿನಲ್ಲಿ ಇಬ್ಬರು ಆಳುಗಳು ಬೆವರು ಸುರಿಸಿ ಗಂಟೆಗೆ ಇನ್ನೂರೈವತ್ತು ಹಾಳೆ ಒತ್ತುತ್ತಿದ್ದರು. ಪ್ರತಿ ಪ್ರತಿಗೂ ಸರ್ಕಾರದ ಮುದ್ರೆ ತೆರಿಗೆ. 1789ರಿಂದ ಅದು ಎರಡು ಪೆನ್ನಿ, 1797ರಲ್ಲಿ ಏರಿ ಮೂರೂವರೆ ಪೆನ್ನಿ. ಹೀಗಾಗಿ 1791ರಲ್ಲಿ ಪತ್ರಿಕೆಯ ಬೆಲೆ ನಾಲ್ಕು ಪೆನ್ನಿಯ ಆಸುಪಾಸಿನಲ್ಲಿತ್ತು. ಹಳ್ಳಿಯ ಕೂಲಿಯವನ ವಾರದ ದುಡಿಮೆ ಎಂಟೊಂಬತ್ತು ಷಿಲಿಂಗ್, ಅಂದರೆ ನೂರು ಪೆನ್ನಿಯಷ್ಟು. ವಾರಕ್ಕೆ ಆರು ದಿನ ಪತ್ರಿಕೆ ಕೊಂಡರೆ ಕೂಲಿಯ ಕಾಲುಭಾಗ ಅದಕ್ಕೇ ಹೋಯಿತು! ಪತ್ರಿಕೆಯನ್ನು ಬಾಡಿಗೆಗೆ ಕೊಡುವುದನ್ನೂ 1789ರಲ್ಲಿ ಕಾನೂನು ಮಾಡಿ ನಿಷೇಧಿಸಿದರು. ಬಡವರು ಸುದ್ದಿ ಓದುವುದು ಅಲ್ಲಿನ ದೊರೆಗಳಿಗೆ ಅಷ್ಟೇನೂ ಹಿಡಿಸುತ್ತಿರಲಿಲ್ಲ.

ಆದರೂ ಜನ ಓದಿದರು. ನಮ್ಮೂರ ಕ್ಷೌರದಂಗಡಿಯಲ್ಲಿ, ಹೋಟೆಲಿನ ಬೆಂಚಿನ ಮೇಲೆ ಒಂದೇ ಪತ್ರಿಕೆ ದಿನವಿಡೀ ನಾಲ್ಕು ತುಂಡಾಗಿ ಕೈಯಿಂದ ಕೈಗೆ ಓಡಾಡುವುದನ್ನು ಕಂಡವರಿಗೆ ಇದು ಹೊಸದಲ್ಲ. ಅಲ್ಲಿಯೂ ಕಾಫಿಮನೆ, ಹೆಂಡದಂಗಡಿ, ಕ್ಷೌರಿಕನ ಅಂಗಡಿ ಇವೇ ವಾಚನಾಲಯಗಳು. ಅಕ್ಷರ ಬಲ್ಲವನೊಬ್ಬ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೇಳುತ್ತಿದ್ದರು. ಲಂಡನ್ನಿನಲ್ಲಿ ಜೆರೂಸಲೇಮ್ ಕಾಫಿಮನೆ ಎಂಬುದೊಂದಿತ್ತು. ಇಂಡಿಯಾ ಕಡೆಗೆ ವ್ಯಾಪಾರ ಇದ್ದವರು ಅಲ್ಲಿ ಸೇರುತ್ತಿದ್ದರು. ಟಿಪ್ಪು ಮುಂದೆ ಬಂದನೋ ಹಿಂದೆ ಸರಿದನೋ ಎಂಬುದು ಅವರಿಗೆ ಕಂಪೆನಿಯ ಷೇರಿನ ದರದ ಪ್ರಶ್ನೆ. ಹಳ್ಳಿಗಾಡಿನಲ್ಲಿ ವಾರಪತ್ರಿಕೆಗಳು ಲಂಡನ್ನಿನ ಪತ್ರಿಕೆಗಳಿಂದ ಸುದ್ದಿಯನ್ನು ಎತ್ತಿ ಹಾಕಿಕೊಳ್ಳುತ್ತಿದ್ದವು. ಓಲ್ನಿ ಎಂಬ ಚಿಕ್ಕ ಊರಿನಲ್ಲಿದ್ದ ವಿಲಿಯಂ ಕೂಪರ್ ಎಂಬ ಕವಿ 1785ರಲ್ಲಿ ಪ್ರಕಟಿಸಿದ ದೀರ್ಘ ಕವಿತೆಯೊಂದರಲ್ಲಿ ಚಳಿಗಾಲದ ಸಂಜೆ ಅಂಚೆಯವನು ಪತ್ರಿಕೆ ತರುವ ದೃಶ್ಯವಿದೆ. ಒಲೆಯ ಮುಂದೆ ಕೂತು ಅದನ್ನು ಬಿಡಿಸುವ ಮೊದಲು ಕವಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳಲ್ಲಿ ಇಂಡಿಯಾದ ಗತಿ ಏನಾಯಿತು ಎಂಬುದೂ ಒಂದು. ಟೀ ಕುದಿಯುತ್ತಿದೆ, ಪರದೆ ಇಳಿಬಿಟ್ಟಿದೆ, ಹೊರಗೆ ಚಳಿ. ದೂರದ ಯುದ್ಧವನ್ನು ಓದಲು ಇದಕ್ಕಿಂತ ಬೆಚ್ಚನೆಯ ಜಾಗ ಬೇಕೆ?

ನಮ್ಮ ಶಾಲೆಯ ಹುಡುಗಿಯೊಬ್ಬಳು ಈ ಕಥೆ ಕೇಳಿ, “ಸಾರ್, ಅವರಿಗೆ ಬೆಂಗಳೂರು ಎಲ್ಲಿದೆ ಅಂತಾದ್ರೂ ಗೊತ್ತಿತ್ತಾ?” ಎಂದಳು. ಒಳ್ಳೆಯ ಪ್ರಶ್ನೆ. ಗೊತ್ತಿಲ್ಲದವರೇ ಹೆಚ್ಚು. ಅದಕ್ಕೇ ಬಂಗಾಳದಲ್ಲಿ ಸರ್ವೇಯರ್ ಜನರಲ್ ಆಗಿದ್ದ ಜೇಮ್ಸ್ ರೆನೆಲ್ ಲಂಡನ್ನಿನಲ್ಲಿ ಕೂತು, ಸೈನ್ಯ ಯಾವ ದಾರಿಯಲ್ಲಿ ನಡೆಯಿತು ಎಂಬುದನ್ನು ಓದುಗರಿಗೆ ತಿಳಿಸುವ ನಕ್ಷೆ, ಪುಸ್ತಕಗಳನ್ನು 1792ರ ಹೊತ್ತಿಗೆ ಹೊರತಂದ. ಈಗ ಟಿ.ವಿ.ಯಲ್ಲಿ ಯುದ್ಧಭೂಮಿಯ ನಕ್ಷೆಯ ಮೇಲೆ ಕೆಂಪು ಬಾಣ ಓಡಿಸುತ್ತಾರಲ್ಲ, ಅದರ ಮುತ್ತಜ್ಜ ಇದು.

ಸರಿ, ಪತ್ರಿಕೆಯಲ್ಲಿ ಏನಿರುತ್ತಿತ್ತು? ವರದಿಗಾರ ಎಂಬ ಪ್ರಾಣಿ ಯುದ್ಧಭೂಮಿಯಲ್ಲಿ ಇರಲೇ ಇಲ್ಲ. ಸೇನಾಪತಿ ತನ್ನ ಮೇಲಿನವರಿಗೆ ಬರೆದ ಕಾಗದವೇ ಸುದ್ದಿ. ಅದು ‘ಲಂಡನ್ ಗೆಜೆಟ್’ ಎಂಬ ಸರ್ಕಾರಿ ಪತ್ರಿಕೆಯ ವಿಶೇಷ ಸಂಚಿಕೆಯಲ್ಲಿ ಬರುತ್ತಿತ್ತು, ಉಳಿದ ಪತ್ರಿಕೆಗಳು ಅದನ್ನೇ ನಕಲು ಮಾಡುತ್ತಿದ್ದವು. ಜೊತೆಗೆ ಯಾರೋ ಅಧಿಕಾರಿ ಮನೆಗೆ ಬರೆದ ಪತ್ರದ ತುಣುಕು, ಬಂದರಿನ ಗಾಳಿಸುದ್ದಿ. ಪರೀಕ್ಷೆ ಬರೆದ ಹುಡುಗನೇ ಉತ್ತರಪತ್ರಿಕೆ ತಿದ್ದಿ ಅಂಕ ಹಾಕಿಕೊಂಡಂತೆ! ಸರ್ಕಾರದ ಪರವಾಗಿ ಬರೆಯಲೆಂದು ‘ಟೈಮ್ಸ್’ ಪತ್ರಿಕೆಗೆ 1789ರಿಂದ ವರ್ಷಕ್ಕೆ 300 ಪೌಂಡ್ ಖಜಾನೆಯಿಂದ ಸಂದಾಯವಾಗುತ್ತಿತ್ತು. ‘ಮಾರ್ನಿಂಗ್ ಕ್ರಾನಿಕಲ್’ನಂಥ ವಿರೋಧ ಪಕ್ಷದ ಪತ್ರಿಕೆಗಳು ಯುದ್ಧವನ್ನು ಟೀಕಿಸುತ್ತಿದ್ದವು ನಿಜ. ಆದರೆ ಅವರಿಗೂ ಸಿಗುತ್ತಿದ್ದದ್ದು ಅದೇ ಹಡಗಿನಲ್ಲಿ ಬಂದ ಅವೇ ಕಾಗದಗಳು.

ಗೆಜೆಟ್ಟಿನ ಕೊನೆಯಲ್ಲಿ ಸತ್ತವರ, ಗಾಯಗೊಂಡವರ ಪಟ್ಟಿ ಇರುತ್ತಿತ್ತು. ನನಗನ್ನಿಸುವಂತೆ ಸಾಮಾನ್ಯ ಮನೆಗಳಲ್ಲಿ ಮೊದಲು ಓದುತ್ತಿದ್ದದ್ದು ಅದನ್ನೇ. ಅಧಿಕಾರಿಗಳಿಗೆ ಹೆಸರು. ಬಿಳಿಯ ಸಿಪಾಯಿಗಳಿಗೆ ಬರೀ ಸಂಖ್ಯೆ. ಕರಿಯ ಸಿಪಾಯಿಗಳಿಗೆ ಬೇರೆ ಕಾಲಮ್ಮಿನಲ್ಲಿ ಬರೀ ಸಂಖ್ಯೆ. ಎತ್ತು ಹೊಡೆದವರು, ಹುಲ್ಲು ತಂದವರು, ಡೋಲಿ ಹೊತ್ತವರು ಯಾವ ಕಾಲಮ್ಮಿನಲ್ಲೂ ಇಲ್ಲ. ಸ್ಕಾಟ್ಲೆಂಡಿನ ಮಲೆನಾಡಿನಿಂದ ಸಿಪಾಯಿಯಾಗಿ ಬಂದ ಹುಡುಗನ ತಾಯಿಗೆ, ಆ ಸಂಖ್ಯೆಯಲ್ಲಿ ತನ್ನ ಮಗ ಸೇರಿದ್ದಾನೋ ಇಲ್ಲವೋ ತಿಳಿಯಲು ಮತ್ತೆ ಎಷ್ಟು ತಿಂಗಳು ಬೇಕಿತ್ತೋ.

ಅಧಿಕಾರಿಯ ತಾಯಿಯ ಪಾಡೂ ಸುಖದ್ದೇನಲ್ಲ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರಾಲಿಯ ಸೈನ್ಯ ಇಂಗ್ಲಿಷರನ್ನು ಬಡಿದು ಹಾಕಿದಾಗ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ಸೆರೆ ಸಿಕ್ಕ. ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಮೂರೂವರೆ ವರ್ಷ ಇದ್ದ. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಯಲ್ಲಿ ಬಿಗಿದಿದ್ದಾರೆ ಎಂಬ ಸುದ್ದಿ ಸ್ಕಾಟ್ಲೆಂಡಿನ ಮನೆಗೆ ಮುಟ್ಟಿದಾಗ ಅವನ ತಾಯಿ, ನಮ್ಮ ಹುಡುಗನ ಜೊತೆಗೆ ಕಟ್ಟಿಸಿಕೊಂಡವನ ಗತಿ ನೆನೆದರೆ ಅಯ್ಯೋ ಅನ್ನಿಸುತ್ತದೆ ಎಂಬರ್ಥದ ಮಾತಾಡಿದಳೆಂದು ಕಥೆಯಿದೆ. ಮಗ ಅಷ್ಟು ಮುಂಗೋಪಿ. ಜನ ಇದನ್ನು ತಮಾಷೆಯೆಂದು ಹೇಳುತ್ತಾ ಬಂದಿದ್ದಾರೆ. ನನಗೆ ತಮಾಷೆ ಅನ್ನಿಸಿಲ್ಲ. ಮಗ ಬದುಕಿದ್ದಾನೋ ಇಲ್ಲವೋ ತಿಳಿಯದ ತಾಯಿ ಮತ್ತೇನು ಹೇಳಿಯಾಳು? ಅಳುವುದನ್ನು ಹೀಗೂ ತಪ್ಪಿಸಬಹುದು. 2022ರಲ್ಲಿ ಯುಕ್ರೇನಿನಲ್ಲಿ ಡಾಕ್ಟರಿಕೆ ಓದಲು ಹೋಗಿದ್ದ ನಮ್ಮ ಮಕ್ಕಳ ತಂದೆ ತಾಯಂದಿರು ರಾತ್ರಿಯೆಲ್ಲ ಫೋನ್ ಹಿಡಿದು ಕೂತಿದ್ದರಲ್ಲ, ಅವರಿಗೆ ಆ ತಾಯಿಯ ಮಾತು ಅರ್ಥವಾದೀತು. ಉಳಿದವರಿಗೆ ಯುದ್ಧದ ಸುದ್ದಿ, ಅವರಿಗೆ ಒಂದೇ ಒಂದು ಹೆಸರು.

ಪಟ್ಟಿಯಲ್ಲಿ ಇಲ್ಲದವರ ಕಡೆಗೆ ಬರುತ್ತೇನೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಎದುರಿಗೆ ಉಳಿದಿರುವ ಕೋಟೆಯ ತುಣುಕಿನ ಗೋಡೆಯಲ್ಲಿ ಒಂದು ಅಮೃತಶಿಲೆಯ ಫಲಕವಿದೆ. 1791ರ ಮಾರ್ಚ್ 21ರಂದು ಇಲ್ಲಿನ ಬಿರುಕಿನ ಮೂಲಕ ಬ್ರಿಟಿಷರು ನುಗ್ಗಿದರು ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಕೊರೆದಿದೆ. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿ ನಿಲ್ಲಿಸಿದರೆ ಬಸ್ಸಿನ ಹಾರನ್ನು, ಸೊಪ್ಪಿನ ಗಾಡಿ, ಹೂವಿನ ವಾಸನೆ ಇವುಗಳ ನಡುವೆ ಯಾರಿಗೂ ಯುದ್ಧ ನೆನಪಾಗುವುದಿಲ್ಲ. ಕೋಟೆಗೆ ಹದಿನಾಲ್ಕು ದಿನ ಮೊದಲು, ಮಾರ್ಚ್ 7ರಂದು, ಅವರು ಹಿಡಿದದ್ದು ಪಕ್ಕದ ಪೇಟೆಯನ್ನು. ಬಾಗಿಲಲ್ಲಿ ಮೂರ್‌ಹೌಸ್ ಎಂಬ ಕರ್ನಲ್ ಸತ್ತ. ಅವನ ಹೆಸರು ಪತ್ರಿಕೆಯಲ್ಲಿ ಬಂತು, ಸ್ಮಾರಕವೂ ಆಯಿತು. ಆದರೆ ಪೇಟೆಯೆಂದರೆ ಸಿಪಾಯಿಗಳ ಊರಲ್ಲ. ಅಕ್ಕಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂದು ಇಂದಿಗೂ ನಾವು ಕರೆಯುವ ಹೆಸರುಗಳೇ ಸಾಕು, ಅಲ್ಲಿ ಯಾರಿದ್ದರು ಎಂದು ಹೇಳಲು. ಸಾಮಾನು ತುಂಬಿದ ಅಂಗಡಿಗಳನ್ನು ಬಿಟ್ಟು ಜನ ಓಡಿದರು, ಸೈನ್ಯ ಲೂಟಿ ಮಾಡಿತು. ಲಂಡನ್ನಿನ ಓದುಗನಿಗೆ ಇದರಲ್ಲಿ ಮುಟ್ಟಿದ್ದು ಎಷ್ಟು? ಪೇಟೆ ನಮ್ಮ ಕೈಸೇರಿತು, ಸೈನ್ಯಕ್ಕೆ ಧಾನ್ಯವೂ ಮೇವೂ ಸಿಕ್ಕಿತು ಎಂಬಷ್ಟು. ಯಾರ ಧಾನ್ಯ, ಯಾರ ಮೇವು ಎಂದು ಕಾಗದ ಬರೆಯುವವನು ಬರೆಯಲಿಲ್ಲ, ಓದುವವನು ಕೇಳಲಿಲ್ಲ.

ಹಾಗಾದರೆ ಆ ಜನ ಕಲ್ಲೆದೆಯವರೇ? ಇಲ್ಲಿಯೇ ನನಗೆ ಸೋಜಿಗವಾಗುವುದು. ಅದೇ 1791ನೇ ವರ್ಷ, ಅದೇ ಇಂಗ್ಲೆಂಡಿನಲ್ಲಿ ವಿಲಿಯಂ ಫಾಕ್ಸ್ ಎಂಬಾತ ಒಂದು ಸಣ್ಣ ಪುಸ್ತಿಕೆ ಅಚ್ಚು ಹಾಕಿಸಿದ. ವೆಸ್ಟ್ ಇಂಡೀಸಿನ ಸಕ್ಕರೆಯಲ್ಲಿ ಗುಲಾಮರ ರಕ್ತವಿದೆ, ಅದನ್ನು ತಿನ್ನಬೇಡಿ ಎಂದು. ಸಾಮಾನ್ಯ ಜನ, ಅದರಲ್ಲೂ ಹೆಂಗಸರು, ಓದಿ ಟೀಗೆ ಸಕ್ಕರೆ ಹಾಕುವುದನ್ನೇ ಬಿಟ್ಟರು. ಸುಮಾರು ಮೂರು ಲಕ್ಷ ಮಂದಿ ಬಿಟ್ಟಿದ್ದಾರೆಂದು ಗುಲಾಮಗಿರಿಯ ವಿರುದ್ಧ ಊರೂರು ತಿರುಗುತ್ತಿದ್ದ ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ. ಕಂಡಿಲ್ಲದ, ಕೇಳಿಲ್ಲದ ದ್ವೀಪದ ಜನರಿಗಾಗಿ ನಾಲಿಗೆಯ ರುಚಿಯನ್ನು ಬಿಟ್ಟ ಜನ ಇವರು. ಇವರೇ ಬೆಂಗಳೂರಿನ ಸುದ್ದಿಯನ್ನೂ ಓದಿದರು. ವಿಜಯವೆಂದು ಹಿಗ್ಗಿದರು, ಇಲ್ಲವೇ ಸೋಲೆಂದು ಕಾರ್ನ್‌ವಾಲಿಸನನ್ನು ಬೈದರು. ಅಷ್ಟೆ.

ಕಾರಣ ಹುಡುಕುತ್ತಾ ಹೋದರೆ ನನಗೆ ಕಾಣುವುದು ಒಬ್ಬ ಮನುಷ್ಯ. ಒಲೌಡಾ ಈಕ್ವಿಯಾನೋ ಎಂದು ಅವನ ಹೆಸರು. ಗುಲಾಮನಾಗಿದ್ದು, ದುಡಿದ ಹಣದಿಂದ ತನ್ನನ್ನು ತಾನೇ ಬಿಡಿಸಿಕೊಂಡವನು. 1789ರಲ್ಲಿ ತನ್ನ ಕಥೆಯನ್ನು ತಾನೇ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿ, ಊರೂರು ಸುತ್ತಿ ಮಾರಿದ. ಓದುಗನ ಎದುರಿಗೆ ನಿಂತು, ನನಗೆ ಹೀಗಾಯಿತು ಎಂದು ಹೇಳಲು ಒಬ್ಬನಿದ್ದ. ಗಾಣಿಗರಪೇಟೆಯಿಂದ ಅಂಥ ಒಂದು ಕಾಗದ ಯಾವ ಹಡಗಿನಲ್ಲೂ ಹೋಗಲಿಲ್ಲ. ನಮ್ಮಲ್ಲಿ ಲಾವಣಿ ಕಟ್ಟಿದರು, ಹಾಡಿದರು. ಅದು ನಮಗೆ ನಾವೇ ಹೇಳಿಕೊಂಡದ್ದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹುಟ್ಟಿದ್ದು 1843ರಲ್ಲಿ, ಶ್ರೀರಂಗಪಟ್ಟಣ ಬಿದ್ದು 44 ವರ್ಷಗಳಾದ ಮೇಲೆ.

ಆ ಕೊನೆಯ ಯುದ್ಧದ ಸುದ್ದಿಯನ್ನೂ ನೋಡೋಣ. ಅದು ಶುರುವಾದದ್ದರಲ್ಲಿ ಪತ್ರಿಕೆಯದೂ ಕೈಯಿದೆ. ಟಿಪ್ಪು ಫ್ರೆಂಚರ ನೆರವು ಕೇಳಿದ್ದಾನೆ ಎಂಬ ಘೋಷಣೆಯನ್ನು ಮಾರಿಷಸ್ಸಿನ ಫ್ರೆಂಚ್ ಗವರ್ನರ್ 1798ರ ಜನವರಿಯಲ್ಲಿ ಬಹಿರಂಗವಾಗಿ ಹೊರಡಿಸಿಬಿಟ್ಟ. ಅದು ಜೂನ್ 8ರಂದು ಕಲ್ಕತ್ತೆಯ ಪತ್ರಿಕೆಯಲ್ಲಿ ಬಂದು ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಕಣ್ಣಿಗೆ ಬಿತ್ತು. ಮಂಗಳೂರಿಗೆ ನೆರವಿಗೆಂದು ಬಂದಿಳಿದಿದ್ದವರು ನೂರು ಜನರೂ ಅಲ್ಲ. ಆದರೆ ಅಚ್ಚಾದ ಸುದ್ದಿ ಸಾಕಾಯಿತು.

1799ರ ಮೇ 4ರ ಮಧ್ಯಾಹ್ನ ಕೋಟೆ ಬಿತ್ತು, ಟಿಪ್ಪು ಸತ್ತ. ಲಂಡನ್ನಿನವರಿಗೆ ತಿಳಿದದ್ದು ಸೆಪ್ಟೆಂಬರಿನಲ್ಲಿ. ಊರಿಗೆ ಊರೇ ಸಂಭ್ರಮಪಟ್ಟಿತು. ಆ ರಾತ್ರಿ ಶ್ರೀರಂಗಪಟ್ಟಣದಲ್ಲಿ ಏನಾಯಿತು ಎಂಬುದನ್ನು, ಅಲ್ಲಿನ ಉಸ್ತುವಾರಿ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ನಾಲ್ಕೇ ದಿನದಲ್ಲಿ ತನ್ನ ಅಣ್ಣನಿಗೆ, ಅಂದರೆ ಅದೇ ಗವರ್ನರ್ ಜನರಲ್‌ಗೆ, ಬರೆದ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಲೂಟಿಯಾಗದ ಮನೆಯೇ ಇರಲಿಲ್ಲವೆಂಬಷ್ಟು ಲೂಟಿ. ಅದನ್ನು ನಿಲ್ಲಿಸಲು ಅವನು ಕೆಲವರನ್ನು ಗಲ್ಲಿಗೇರಿಸಬೇಕಾಯಿತು, ಕೆಲವರಿಗೆ ಚಾಟಿಯೇಟು ಹಾಕಿಸಬೇಕಾಯಿತು. ಆ ಪತ್ರ ಪುಸ್ತಕದಲ್ಲಿ ಅಚ್ಚಾಗಿ ಸಾರ್ವಜನಿಕರ ಕೈಸೇರಿದ್ದು ಎಷ್ಟೋ ದಶಕಗಳ ನಂತರ, ಸಂಭ್ರಮಪಟ್ಟವರೆಲ್ಲ ಮಣ್ಣಾದ ಮೇಲೆ. ನಿಧಾನವಾಗಿ ನಡೆಯುವ ಸುದ್ದಿ ಐದು ತಿಂಗಳಿಗೆ ಮುಟ್ಟುತ್ತದೆ, ಇಂಥ ಸುದ್ದಿಗೆ ಅರ್ಧ ಶತಮಾನ.

ಓದಿದ್ದು ಸಾಲದೆ ಜನ ನೋಡಲೂ ಬಯಸಿದರು. 1800ರಲ್ಲಿ ಲಂಡನ್ನಿನ ಲೈಸಿಯಂ ಎಂಬಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ ಶ್ರೀರಂಗಪಟ್ಟಣದ ದಾಳಿಯ ಚಿತ್ರ ತೆರೆದ. ಉದ್ದ ನೂರು ಅಡಿಗೂ ಮೀರಿ, ಅರ್ಧವೃತ್ತಾಕಾರವಾಗಿ ನಿಲ್ಲಿಸಿದ್ದ ಪರದೆ. ಆರೇ ವಾರದಲ್ಲಿ ಬರೆದು ಮುಗಿಸಿದನಂತೆ. ಅವನು ಇಂಡಿಯಾವನ್ನು ಕಂಡವನಲ್ಲ. ಅಧಿಕಾರಿಗಳ ಮುಖಗಳು ಮಾತ್ರ ಗುರುತು ಹಿಡಿಯುವಂತಿದ್ದವು. ಟಿಕೆಟ್ ಕೊಂಡು ಒಳಹೊಕ್ಕವರು ಹೊಗೆ, ಬೆಂಕಿ, ಬಿರುಕಿನ ಮೇಲೆ ಕತ್ತಿ ಎತ್ತಿ ನಿಂತ ಅದೇ ಡೇವಿಡ್ ಬೇರ್ಡ್ ಇವರ ಮಧ್ಯೆ ತಾವೇ ನಿಂತಂತೆ ಬೆರಗಾದರು. ಆ ಪರದೆ ಮುಂದೆ ಬೆಂಕಿಗೆ ಆಹುತಿಯಾಯಿತು. ಅದನ್ನು ನೋಡಿ ಕೊರೆದ ಅಚ್ಚಿನ ಚಿತ್ರಗಳು ಉಳಿದುಕೊಂಡಿವೆ. ಕಾವೇರಿ ಅದರಲ್ಲಿದೆ, ಆದರೆ ನಮ್ಮ ಕಾವೇರಿಯ ಹಾಗಿಲ್ಲ.

ಮುಂದೆ ತಂತಿ ಬಂತು. 1857ರ ಮೇ 10ರ ಮೀರತ್ತಿನ ಸುದ್ದಿಗೆ ಲಂಡನ್ ತಲುಪಲು ಇನ್ನೂ ಒಂದೂವರೆ ತಿಂಗಳು ಬೇಕಾಗಿತ್ತು. 1870ರಲ್ಲಿ ಸಮುದ್ರದ ತಳದಲ್ಲಿ ಹಾಸಿದ ಕೇಬಲ್ ಮುಂಬಯಿಯನ್ನು ಲಂಡನ್ನಿಗೆ ಸೇರಿಸಿದ ಮೇಲೆ ತಿಂಗಳುಗಳು ಹೋಗಿ ಗಂಟೆಗಳಾದವು. ವಿಜ್ಞಾನದ ಮೇಷ್ಟ್ರಾಗಿ ಇದನ್ನು ಮೇಜು ಕುಟ್ಟಿ ಪಾಠ ಮಾಡುತ್ತೇನೆ. ತಂತಿಯಲ್ಲಿ ಸಂಕೇತ ಹೇಗೆ ಓಡುತ್ತದೆ, ತಾಮ್ರವೇ ಏಕೆ, ಮೇಲೆ ಗಟಾಪರ್ಚ ಎಂಬ ಮರದ ಅಂಟಿನ ಹೊದಿಕೆ ಏಕೆ ಎಂದು. ಸುದ್ದಿ ಎಷ್ಟು ಬೇಗ ಬಂತು ಎಂಬುದಕ್ಕೆ ನನ್ನಲ್ಲಿ ಸೂತ್ರವಿದೆ. ಯಾರ ಕಾಗದ ಬಂತು ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಸೂತ್ರವಿಲ್ಲ.

ಕಳೆದ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ಸಿಲೆಬಸ್ಸಿನಲ್ಲಿ ಇಲ್ಲದ ಒಂದು ಮನೆಗೆಲಸ ಕೊಟ್ಟೆ. 1791ರ ಮಾರ್ಚಿನಲ್ಲಿ ಬೆಂಗಳೂರು ಪೇಟೆಯಿಂದ ಓಡಿಹೋದ ಮನೆಯವರು ಲಂಡನ್ನಿನ ಪತ್ರಿಕೆಗೆ ಒಂದು ಕಾಗದ ಬರೆದಿದ್ದರೆ ಏನಿರುತ್ತಿತ್ತು, ಬರೆದು ತನ್ನಿ ಎಂದು. ಇತಿಹಾಸದ ಸಹೋದ್ಯೋಗಿಗಳು, “ಏನ್ರೀ ಮೇಷ್ಟ್ರೇ, ನಮ್ಮ ಹೊಟ್ಟೆಗೆ ಕಲ್ಲು ಹಾಕ್ತೀರಲ್ಲ” ಎಂದು ನಕ್ಕರು. ಹುಡುಗರಲ್ಲಿ ಹೆಚ್ಚಿನವರು ಫಿರಂಗಿ, ಕತ್ತಿ, ಶೌರ್ಯ ಎಂದು ಎರಡೆರಡು ಪುಟ ತುಂಬಿಸಿದ್ದರು. ಹಿಂದಿನ ಬೆಂಚಿನ, ಮಾತೇ ಆಡದ ಒಬ್ಬ ಹುಡುಗಿ ಐದು ಸಾಲು ಬರೆದಿದ್ದಳು. ಅಜ್ಜಿಗೆ ನಡೆಯಲು ಆಗುವುದಿಲ್ಲ, ಗಾಡಿ ಸಿಗಲಿಲ್ಲ. ಗಾಣದ ಎತ್ತನ್ನು ದಂಡಿನವರು ಹಿಡಿದುಕೊಂಡು ಹೋದರು, ಅದರ ಕೊಂಬಿಗೆ ಕೆಂಪು ಬಣ್ಣ ಹಚ್ಚಿದೆ, ಕಂಡವರು ತಿಳಿಸಬೇಕು. ಹುಣಿಸೆಹಣ್ಣಿನ ಮಡಕೆ ಅಟ್ಟದ ಮೇಲೇ ಉಳಿಯಿತು. ಮಳೆಗೆ ಮುಂಚೆ ವಾಪಸು ಬರಬಹುದೋ ಹೇಗೆ ಎಂದು ಯಾರಾದರೂ ಬಲ್ಲವರು ಬರೆಯಿರಿ. ಕೆಳಗೆ ರುಜು ಇರಲಿಲ್ಲ. ಹೆಸರು ಏಕೆ ಹಾಕಿಲ್ಲ ಎಂದು ಕೇಳಿದೆ.

“ಹಾಕಿದ್ರೆ ಅವರಿಗೆ ಗೊತ್ತಾಗಲ್ವಾ ಸಾರ್, ನಾವು ಎಲ್ಲಿದ್ದೀವಿ ಅಂತ?” ಎಂದಳು.